ಎಸೆನ್ಸ್ ಬಾಟಲಿಗೆ ಬೀಗ ಹಾಕಿದರೆ ಸಾಲದು, ಜೈಲಿನೊಳಗೇ ಚಟಕ್ಕೆ ಚಿಕಿತ್ಸೆ ಕೊಡಿ

ಕೇಕಿಗೆ ಹಾಕುವ ಎಸೆನ್ಸ್ ಕುಡಿದರೆ ಮನುಷ್ಯ ಸಾಯುತ್ತಾನೆ ಅನ್ನುವುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಾಗಿದ್ದೇ ಮೈಸೂರು ಕೇಂದ್ರ ಕಾರಾಗೃಹದಿಂದ. 2024ರ ಡಿಸೆಂಬರ್ ಕೊನೆಯ ದಿನಗಳು. ಹೊಸ ವರ್ಷಕ್ಕೆಂದು ಜೈಲಿನ ಬೇಕರಿಯಲ್ಲಿ ಕೇಕ್ ತಯಾರಾಗುತ್ತಿತ್ತು. ಅಲ್ಲಿ ಕೆಲಸಕ್ಕಿದ್ದ ಕೈದಿಗಳು ನಶೆಗೋಸ್ಕರ ಎಸೆನ್ಸ್ ಕುಡಿದರು ಎಂದು ವರದಿಯಾಯಿತು. ಹೊಟ್ಟೆನೋವು ಶುರುವಾದರೂ ಏನು ಕುಡಿದೆವು ಅಂತ ಮೊದಲು ಬಾಯಿ ಬಿಡಲಿಲ್ಲ. ಕೆ.ಆರ್. ಆಸ್ಪತ್ರೆಗೆ ಸೇರಿಸಿದರು. ಜನವರಿ ಎರಡನೇ ವಾರದ ಹೊತ್ತಿಗೆ ಒಬ್ಬರ ಹಿಂದೆ ಒಬ್ಬರಂತೆ ಮೂವರು ತೀರಿಹೋದರು.

ಆಮೇಲೆ ಎಲ್ಲರೂ ಕೇಳಿದ ಪ್ರಶ್ನೆ ನಿಮಗೆ ನೆನಪಿರಬಹುದು. ಎಸೆನ್ಸ್ ಬಾಟಲಿ ಅವರ ಕೈಗೆ ಹೇಗೆ ಸಿಕ್ಕಿತು? ನೋಡಿಕೊಳ್ಳಬೇಕಾದವರು ಎಲ್ಲಿದ್ದರು? ಕೇಳಬೇಕಾದ ಪ್ರಶ್ನೆಗಳೇ, ತಪ್ಪಿಲ್ಲ. ಆದರೆ ಅದಕ್ಕಿಂತ ದೊಡ್ಡ ಪ್ರಶ್ನೆಯೊಂದು ಹಾಗೇ ಉಳಿಯಿತು. ಸುತ್ತ ಗೋಡೆ, ಗೇಟಿನಲ್ಲಿ ತಪಾಸಣೆ, ಇಪ್ಪತ್ತನಾಲ್ಕು ಗಂಟೆ ಕಾವಲು. ಇಷ್ಟರ ನಡುವೆಯೂ ಒಬ್ಬ ಮನುಷ್ಯ ಕೇಕಿನ ಎಸೆನ್ಸಾದರೂ ಸರಿ, ಕುಡಿದೇಬಿಡುತ್ತೇನೆ ಅನ್ನುವ ಸ್ಥಿತಿಗೆ ಬಂದನಲ್ಲ, ಆ ಸ್ಥಿತಿಗೆ ಯಾವ ಚಿಕಿತ್ಸೆ ಇತ್ತು?

ಸತ್ತ ಮೂವರೂ ಚಟಗಾರರೇ ಎಂದು ನಾನು ತೀರ್ಪು ಕೊಡುವುದಿಲ್ಲ, ಅದು ವೈದ್ಯರ ಕೆಲಸ. ನನ್ನ ವಾದ ಜೈಲಿನ ಬಗ್ಗೆ. ಕುಡಿತ, ಗಾಂಜಾ, ಮಾತ್ರೆ, ಯಾವ ಚಟವೇ ಇರಲಿ, ಅದಿರುವವನನ್ನು ಸರ್ಕಾರ ತನ್ನ ಕೈಯಲ್ಲಿ ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತದೆ. ಅವನ ಊಟ, ನಿದ್ದೆ, ಕೆಲಸ ಎಲ್ಲವೂ ಸರ್ಕಾರದ ಲೆಕ್ಕದಲ್ಲಿ. ಆ ತಿಂಗಳುಗಳಲ್ಲಿ ಚಟಕ್ಕೆ ಚಿಕಿತ್ಸೆ ಕೊಡದೆ ಬಿಟ್ಟು, ಒಂದು ದಿನ ಸಂಜೆ ಗೇಟು ತೆಗೆದು ‘ಹೋಗಪ್ಪಾ’ ಅನ್ನುವುದು ಅಪರಾಧಕ್ಕೆ ಕಡಿಮೆಯಲ್ಲ.

ಇದು ಎಷ್ಟು ಜನರ ಕಥೆ? ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ವೈದ್ಯರು 5,024 ಕೈದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ ಶೇಕಡಾ 79.6 ಜನರಿಗೆ ಒಂದೋ ಮಾನಸಿಕ ಕಾಯಿಲೆ, ಇಲ್ಲವೇ ಮದ್ಯ, ತಂಬಾಕು, ಮಾದಕ ವಸ್ತುಗಳ ಸಮಸ್ಯೆ ಇತ್ತು. ಈ ಚಟಗಳನ್ನು ಲೆಕ್ಕದಿಂದ ತೆಗೆದು ನೋಡಿದರೆ ಉಳಿದಿದ್ದು ಶೇಕಡಾ 27.6. ನಡುವಿನ ಅಂತರವನ್ನು ನೀವೇ ಲೆಕ್ಕ ಹಾಕಿ. ಅರ್ಧಕ್ಕಿಂತ ಹೆಚ್ಚು ಜನರಿಗೆ ಚಟವೊಂದೇ ಕಾಯಿಲೆ. ಈ ಪುಸ್ತಕ ಹೊರಬಂದಿದ್ದು ನಮ್ಮ ರಾಜ್ಯದ್ದೇ ಜೈಲಿನಿಂದ, ನಮ್ಮ ರಾಜ್ಯದಲ್ಲೇ ಇರುವ ಸಂಸ್ಥೆಯಿಂದ. ಇನ್ನು ಗೊತ್ತಿರಲಿಲ್ಲ ಅಂತ ಯಾರೂ ಹೇಳುವಂತಿಲ್ಲ.

ನಮ್ಮ ಹಳ್ಳಿಗಳಲ್ಲಿ ಒಂದು ನಂಬಿಕೆ ಇದೆ. ‘ಆರು ತಿಂಗಳು ಒಳಗೆ ಇದ್ದು ಬರಲಿ, ಬುದ್ಧಿ ಬರುತ್ತೆ, ಕುಡಿಯೋದು ತಾನಾಗೇ ಬಿಟ್ಟುಹೋಗುತ್ತೆ.’ ಪಂಚಾಯ್ತಿ ಕಟ್ಟೆಯಲ್ಲೂ ಕೇಳಿದ್ದೇನೆ, ಪೊಲೀಸ್ ಠಾಣೆಯಲ್ಲೂ ಕೇಳಿದ್ದೇನೆ. ಜೈಲಿನಲ್ಲಿ ಕುಡಿಯಲು ಸಿಗುವುದಿಲ್ಲ, ಅಷ್ಟೇ. ಸಿಗದೇ ಇರುವುದಕ್ಕೂ ಬಿಡುವುದಕ್ಕೂ ಅಜಗಜಾಂತರ ಇದೆ. ದಿನಾ ಕುಡಿಯುವವನ ಮೆದುಳು ಮದ್ಯಕ್ಕೆ ಹೊಂದಿಕೊಂಡುಬಿಟ್ಟಿರುತ್ತದೆ. ಅದು ಒಮ್ಮೆಲೇ ನಿಂತರೆ ಮೊದಲ ದಿನವೇ ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಹಾರಿಹೋಗುತ್ತದೆ. ಒಂದೆರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದಲ್ಲಿ ಇನ್ನು ಕೆಲವರಿಗೆ ಭ್ರಮೆ ಹತ್ತುತ್ತದೆ: ಗೋಡೆಯ ಮೇಲೆ ಹುಳ ಹರಿದಂತೆ, ಯಾರೋ ಕೊಲ್ಲಲು ಬಂದಂತೆ. ಆ ಹಂತದಲ್ಲಿ ಚಿಕಿತ್ಸೆ ಸಿಗದಿದ್ದರೆ ಪ್ರಾಣ ಹೋಗಬಹುದು. ಊರಲ್ಲಿ ಇದನ್ನು ‘ಗಾಳಿ ಮೆಟ್ಟಿಕೊಂಡಿದೆ’ ಅನ್ನುತ್ತಾರೆ. ಜೈಲಿನಲ್ಲಿ ‘ನಾಟಕ ಆಡ್ತಾನೆ’ ಅಂದರೆ? ಹೆಸರು ಬೇರೆಯಾದರೂ ಸಾಯುವವನು ಅವನೇ.

ಇದಕ್ಕೆ ಮದ್ದು ಇದೆ. ಡಯಾಜೆಪಾಮ್ ಜಾತಿಯ ಮಾತ್ರೆಯನ್ನು ವೈದ್ಯರು ಅಳೆದು ಕೊಟ್ಟು ದಿನ ದಿನ ಇಳಿಸುತ್ತಾರೆ, ಜೊತೆಗೆ ಬಿ1 ವಿಟಮಿನ್. ಅಪರೂಪದ ಔಷಧಿಗಳೇನಲ್ಲ. ಆದರೆ ಮೈಯಿಂದ ಮದ್ಯ ಇಳಿಸುವುದು ಅರ್ಧ ಕೆಲಸ. ಆಸೆ ತಲೆಯಲ್ಲೇ ಕೂತಿರುತ್ತದೆ. ಆ ಆಸೆಯನ್ನು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ತರದ ಮಾತ್ರೆಗಳನ್ನು ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕು, ಆಪ್ತಸಮಾಲೋಚಕರ ಹತ್ತಿರ ಮತ್ತೆ ಮತ್ತೆ ಕೂರಬೇಕು, ಮನೆಯವರನ್ನೂ ಕೂರಿಸಬೇಕು. (ಇಲ್ಲಿ ಒಂದು ಮಾತು. ಗಂಡನಿಗೆ ಗೊತ್ತಾಗದಂತೆ ಸಾರಿನಲ್ಲಿ ಕಲಸಿ ಕೊಡಿ ಅಂತ ಕೆಲವರು ಮಾತ್ರೆ ಮಾರುತ್ತಾರೆ. ಅದು ಡೈಸಲ್ಫಿರಾಮ್ ಆಗಿದ್ದು ಅದರ ಮೇಲೆ ಅವನು ಕುಡಿದರೆ ಜೀವಕ್ಕೇ ಅಪಾಯ. ದಯವಿಟ್ಟು ಹಾಗೆ ಮಾಡಬೇಡಿ.)

ಈಗ ಬಿಡುಗಡೆಯ ದಿನಕ್ಕೆ ಬರೋಣ. ಜಾಮೀನಾಗಿದೆ. ಕೋರ್ಟಿನ ಆದೇಶ ಜೈಲಿಗೆ ತಲುಪಿ, ಕಾಗದಪತ್ರ ಮುಗಿದು ಆಚೆ ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ. ಕರೆದುಕೊಂಡು ಹೋಗಲು ಯಾರು ಬರುತ್ತಾರೆ? ಮನೆಯವರಿಗೆ ಅಷ್ಟು ಹೊತ್ತಿಗೆ ಬಸ್ಸು ಇರುವುದಿಲ್ಲ. ಬರುವವರು ಹಳೆಯ ಜೊತೆಗಾರರು. ‘ಆಚೆ ಬಂದೆಯಲ್ಲ ಮಗಾ, ನಡಿ’ ಅಂದರೆ ಮುಗಿಯಿತು. ಬಸ್ ಸ್ಟ್ಯಾಂಡ್ ಸೇರುವುದರೊಳಗೆ ಎಷ್ಟು ಬಾರ್ ದಾಟಬೇಕು ಎಂದು ಮೈಸೂರು ಗೊತ್ತಿರುವವರಿಗೆ ನಾನು ಹೇಳಬೇಕಿಲ್ಲ. ಊರಿಗೆ ಹೋದರೆ ಪೆಟ್ಟಿ ಅಂಗಡಿಯಲ್ಲೇ ಟೆಟ್ರಾ ಪ್ಯಾಕ್.

ಕೋರ್ಟ್ ಸುದ್ದಿಗೆ ಓಡಾಡುವಾಗ ನಂಜನಗೂಡು ಕಡೆಯ ಒಬ್ಬ ಹೆಣ್ಣುಮಗಳು ಸಿಕ್ಕಿದ್ದರು. ಗಂಡ ಕುಡಿದು ಹೊಡೆದಾಟ ಮಾಡಿ ಒಳಗಿದ್ದ. ಜಾಮೀನು ಯಾವಾಗ ಆಗುತ್ತಂತಕ್ಕಾ ಎಂದು ಕೇಳಿದೆ. “ಯಾಕಣ್ಣ ಆಗ್ಬೇಕು? ಅವ್ನು ಒಳಗಿದ್ದಾಗ್ಲೇ ನಾನು ಮಕ್ಳು ರಾತ್ರಿ ನಿದ್ದೆ ಮಾಡಿರೋದು” ಅಂದರು. ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು: “ಒಳಗಡೆ ಇರೋವಾಗ ಬಾಳ ಒಳ್ಳೆವ್ನಾಗಿ ಮಾತಾಡ್ತಾನೆ ಕಣಣ್ಣ. ಮಾದಪ್ಪನ ಆಣೆ ಇನ್ನು ಮುಟ್ಟಲ್ಲ ಅಂತಾನೆ. ಹೋದ್ಸಲನೂ ಹಂಗೇ ಅಂದಿದ್ದ.”

ಆ ಆಣೆ ಸುಳ್ಳಲ್ಲ. ಕುಡಿಯದೆ ತಿಂಗಳುಗಟ್ಟಲೆ ಕಳೆದ ಮನುಷ್ಯ ತನ್ನ ಮನೆ ಮಕ್ಕಳನ್ನು ನೆನೆದು ನಿಜವಾಗಿಯೂ ಹಾಗೆ ಅಂದುಕೊಂಡಿರುತ್ತಾನೆ. ಚಿಕಿತ್ಸೆ ಒಪ್ಪಿಕೊಳ್ಳಲು ಅದಕ್ಕಿಂತ ಒಳ್ಳೆಯ ಗಳಿಗೆ ಅವನ ಬದುಕಿನಲ್ಲಿ ಮತ್ತೆ ಬರುವುದಿಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಹಳ್ಳಿಗಳಲ್ಲಿ ಮದ್ಯವರ್ಜನ ಶಿಬಿರ ನಡೆಸುವುದನ್ನು ನೀವು ನೋಡಿದ್ದೀರಿ. ಕುಡುಕರನ್ನು ಮನೆಯಿಂದ ಕರೆತಂದು ಒಂದು ವಾರ ಒಂದೇ ಕಡೆ ಇರಿಸಿಕೊಳ್ಳಲು ಎಷ್ಟು ಕಷ್ಟಪಡುತ್ತಾರೆ. ಒಬ್ಬ ಬೇಲಿ ಹಾರಿ ಓಡುತ್ತಾನೆ, ಇನ್ನೊಬ್ಬನನ್ನು ಹೆಂಡತಿ ಅತ್ತು ಕರೆದು ಕೂರಿಸಬೇಕು. ಜೈಲಿನಲ್ಲಿ ಆ ಕಷ್ಟವೇ ಇಲ್ಲ. ಮನುಷ್ಯ ಅಲ್ಲೇ ಇದ್ದಾನೆ, ಸಮಯವೂ ಬೇಕಾದಷ್ಟಿದೆ. ಹಾಗಂತ ಕೈಕಾಲು ಹಿಡಿದು ಬಲವಂತವಾಗಿ ಮಾತ್ರೆ ನುಂಗಿಸಿ ಎಂದು ನಾನು ಹೇಳುತ್ತಿಲ್ಲ. ಕೇಳಿ, ತಿಳಿಸಿ ಹೇಳಿ, ಒಪ್ಪಿದವನಿಗೆ ಕೊಡಿ.

ಆದರೆ ‘ಬಿಡುಗಡೆಗೆ ಮುಂಚೆ’ ಅಂದರೆ ಯಾವಾಗ? ಇಲ್ಲಿ ಅಧಿಕಾರಿಗಳು ಸುಲಭವಾಗಿ ಜಾರಿಕೊಳ್ಳುವ ಒಂದು ಸಂದಿ ಇದೆ. ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಮೂವರು ವಿಚಾರಣಾಧೀನರು. ಶಿಕ್ಷೆಯಾದವನ ಬಿಡುಗಡೆಗೆ ತಾರೀಕು ಇರುತ್ತದೆ, ಇವರಿಗೆ ಇಲ್ಲ. ಇವತ್ತು ಜಾಮೀನಾದರೆ ನಾಳೆ ಮನೆ. ಹಾಗಾಗಿ ಕೊನೆಯ ವಾರ ಒಂದು ಉಪನ್ಯಾಸ ಇಡುತ್ತೇವೆ ಅಂದರೆ ಬಹುಪಾಲು ಜನಕ್ಕೆ ಅದು ತಲುಪುವುದೇ ಇಲ್ಲ. ಚಿಕಿತ್ಸೆ ಒಳಗೆ ಬಂದ ದಿನವೇ ಶುರುವಾಗಬೇಕು. ಒಳಬರುವಾಗ ಗಾಯ ಇದೆಯಾ, ಬಿಪಿ ಶುಗರ್ ಇದೆಯಾ ಎಂದು ಬರೆದುಕೊಳ್ಳುವ ಹಾಳೆಯಲ್ಲೇ ‘ದಿನಕ್ಕೆ ಎಷ್ಟು ಕುಡಿಯುತ್ತಿದ್ದೆ, ಕೊನೆಯ ಸಲ ಯಾವಾಗ’ ಅನ್ನುವುದನ್ನು ನೆಟ್ಟಗೆ ಕೇಳಿ ಬರೆದುಕೊಂಡು, ಅವತ್ತೇ ವೈದ್ಯರ ಮುಂದೆ ನಿಲ್ಲಿಸಬೇಕು.

ಉಪನ್ಯಾಸ ಅಂದೆನಲ್ಲ, ಅದರ ಬಗ್ಗೆಯೂ ಹೇಳಿಬಿಡುತ್ತೇನೆ. ಪ್ರತಿ ವರ್ಷ ಜೂನ್ 26 ಮಾದಕ ವಸ್ತು ವಿರೋಧಿ ದಿನ. ಬ್ಯಾನರ್, ಪ್ರತಿಜ್ಞೆ, ಶಾಲು, ಫೋಟೊ. ಸುದ್ದಿ ಬರೆಯುವವನಾಗಿ ಇಂಥ ಎಷ್ಟೋ ಫೋಟೊಗಳಿಗೆ ಎರಡು ಸಾಲು ಬರೆದು ಕಳಿಸಿದ್ದೇನೆ. ಶುಗರ್ ಕಾಯಿಲೆಯವನಿಗೆ ಸಕ್ಕರೆ ತಿನ್ನಬೇಡ ಎಂದು ಪ್ರತಿಜ್ಞೆ ಮಾಡಿಸಿ ಮಾತ್ರೆ ಕೊಡದೆ ಕಳಿಸಿದರೆ ಒಪ್ಪುತ್ತೀರಾ?

ಕಾನೂನು ಏನನ್ನುತ್ತದೆ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ‘ಮಾನಸಿಕ ಕಾಯಿಲೆ’ಯ ವ್ಯಾಖ್ಯಾನದೊಳಗೇ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ತೊಂದರೆಗಳು ಸೇರಿವೆ. ಜೈಲುಗಳ ವೈದ್ಯಾಧಿಕಾರಿಗಳಿಗೆಲ್ಲ ಮೂಲಭೂತ ಮತ್ತು ತುರ್ತು ಮಾನಸಿಕ ಚಿಕಿತ್ಸೆಯ ತರಬೇತಿ ಕೊಡಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ. ಪ್ರತಿ ರಾಜ್ಯದಲ್ಲಿ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಾದರೂ ಮಾನಸಿಕ ಚಿಕಿತ್ಸಾ ಕೇಂದ್ರ ಇರಬೇಕು ಎಂದೂ ಇದೆ. 1985ರ ಎನ್‌ಡಿಪಿಎಸ್ ಕಾಯ್ದೆ ಅಂದರೆ ಜನ ಹೆದರುತ್ತಾರೆ, ಆದರೆ ಅದರೊಳಗೂ ಎರಡು ಬಾಗಿಲುಗಳಿವೆ. ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿಬಿದ್ದ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ 64ಎ ಸೆಕ್ಷನ್ ಪ್ರಕಾರ ಮೊಕದ್ದಮೆಯಿಂದ ರಕ್ಷಣೆ ಕೇಳಬಹುದು. ತಪ್ಪಿತಸ್ಥ ಎಂದು ತೀರ್ಪಾದ ಮೇಲೂ, ಅವನು ಒಪ್ಪಿದರೆ, ತಕ್ಷಣ ಶಿಕ್ಷೆ ವಿಧಿಸುವ ಬದಲು ಬಾಂಡ್ ಬರೆಸಿಕೊಂಡು ಚಿಕಿತ್ಸೆಗೆ ಕಳಿಸುವ ಅಧಿಕಾರ 39ನೇ ಸೆಕ್ಷನ್‌ನಲ್ಲಿ ನ್ಯಾಯಾಲಯಕ್ಕಿದೆ. ಗಾಂಜಾದಲ್ಲಿ ಅಲ್ಪ ಪ್ರಮಾಣ ಅಂದರೆ ಒಂದು ಕೆ.ಜಿ.ವರೆಗೆ. ಜೇಬಿನಲ್ಲಿ ಒಂದು ಪೊಟ್ಟಣ ಇಟ್ಟುಕೊಂಡು ಸಿಕ್ಕಿಬಿದ್ದ ಹುಡುಗನ ಅಪ್ಪ ಅಮ್ಮನಿಗೆ ಇದನ್ನು ಯಾರಾದರೂ ಹೇಳುತ್ತಾರಾ? ವಕೀಲರನ್ನು ಇಡುವ ಶಕ್ತಿ ಇಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಈ ಎರಡು ಸೆಕ್ಷನ್ ಹೆಸರು ಹೇಳಿ ಕೇಳಿ. ಸಹಾಯವಾಣಿ 15100.

ಹೊರಗಿನ ಉದಾಹರಣೆ ಬೇಕು ಅನ್ನುವವರಿಗೆ ಎರಡು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜೈಲಿನಿಂದ ಬಿಡುಗಡೆಯಾದ 30 ಸಾವಿರಕ್ಕೂ ಹೆಚ್ಚು ಜನರ ಲೆಕ್ಕ ಹಿಡಿದ ಅಧ್ಯಯನ 2007ರಲ್ಲಿ ಬಂತು. ಆಚೆ ಬಂದ ಮೊದಲ ಎರಡು ವಾರ ಅವರ ಸಾವಿನ ಪ್ರಮಾಣ ಅದೇ ರಾಜ್ಯದ ಇತರರಿಗಿಂತ 12.7 ಪಟ್ಟು ಇತ್ತು. ಮಾದಕ ವಸ್ತು ಅತಿಯಾಗಿ ಸತ್ತವರದ್ದು ಮಾತ್ರ ತೆಗೆದುಕೊಂಡರೆ 129 ಪಟ್ಟು. ಕಾರಣ ಸರಳ. ಒಳಗಿದ್ದಾಗ ದೇಹ ತಾಳಿಕೊಳ್ಳುವ ಶಕ್ತಿ ಕಳೆದುಕೊಂಡಿರುತ್ತದೆ, ಆಚೆ ಬಂದವನು ಹಳೆಯ ಅಳತೆಯಲ್ಲೇ ತೆಗೆದುಕೊಳ್ಳುತ್ತಾನೆ. ಅದೇ ದೇಶದ ರೋಡ್ ಐಲೆಂಡ್ ಎಂಬ ಪುಟ್ಟ ರಾಜ್ಯ 2016ರಲ್ಲಿ ಜೈಲಿನೊಳಗೇ ಔಷಧಿ ಕೊಡಲು ಶುರುಮಾಡಿ, ಆಚೆ ಬಂದ ಮೇಲೆ ಊರಿನ ಕ್ಲಿನಿಕ್‌ನಲ್ಲಿ ಅದೇ ಔಷಧಿ ಮುಂದುವರಿಸಿತು. ಈಚೆಗೆ ಜೈಲಿನಿಂದ ಬಂದವರಲ್ಲಿ ಹೀಗೆ ಸತ್ತವರು 2016ರ ಮೊದಲ ಆರು ತಿಂಗಳಲ್ಲಿ 26, 2017ರ ಅದೇ ಆರು ತಿಂಗಳಲ್ಲಿ 9.

ಅಲ್ಲಿಯದ್ದು ಹೆರಾಯಿನ್, ಫೆಂಟನಿಲ್‌ನ ಲೆಕ್ಕ. ನಮ್ಮ ಕಡೆ ಮುಖ್ಯವಾಗಿ ಇರುವುದು ಮದ್ಯ, ಜೊತೆಗೆ ಗಾಂಜಾ. ಹಾಗಾಗಿ ಆ ಅಂಕಿಗಳನ್ನು ಹಾಗೇ ತಂದು ಮೈಸೂರಿಗೆ ಅಂಟಿಸುವುದು ಸರಿಯಲ್ಲ. ಅಲ್ಲಿಂದ ತೆಗೆದುಕೊಳ್ಳಬೇಕಾದ್ದು ವ್ಯವಸ್ಥೆಯನ್ನು: ಗೇಟಿನ ಒಳಗೆ ಶುರುವಾದ ಚಿಕಿತ್ಸೆ ಗೇಟಿನ ಆಚೆಗೂ ತುಂಡಾಗಬಾರದು. ನಮ್ಮ ದೇಶದಲ್ಲೂ ಇದು ಹೊಸದಲ್ಲ. ದೆಹಲಿಯ ತಿಹಾರ್ ಜೈಲಿನಲ್ಲಿ, ಪಂಜಾಬಿನ ಜೈಲುಗಳಲ್ಲಿ ಅಫೀಮು ಜಾತಿಯ ಚಟಕ್ಕೆ ಬುಪ್ರೆನಾರ್ಫಿನ್ ಮಾತ್ರೆ ಕೊಟ್ಟಿದ್ದಾರೆ. ಇನ್ನು ಮಾತ್ರೆ ಪುಡಿಗಳು ನಮ್ಮೂರಿಗೆ ದೂರ ಅಂದುಕೊಳ್ಳಲೂ ಬೇಡಿ. 2025ರ ಜುಲೈನಲ್ಲಿ ಮುಂಬೈ ಪೊಲೀಸರು ಇಲ್ಲಿಗೇ ಬಂದು, ಮೈಸೂರಿನ ರಿಂಗ್ ರಸ್ತೆ ಪಕ್ಕದಲ್ಲಿ ಮೆಫೆಡ್ರೋನ್ ತಯಾರಿಸುವ ಜಾಗ ಹಿಡಿದರು. ನೂರಾರು ಕೋಟಿಯ ಮಾಲು.

ಗೇಟಿನ ಆಚೆಗೂ ಚಿಕಿತ್ಸೆ ಒಯ್ಯುವುದು ನಮಗೆ ಆಗದ ಕೆಲಸವಾ? ಟಿಬಿಗೆ ಮಾಡುತ್ತಿಲ್ಲವೇ? ಟಿಬಿ ಇರುವ ಕೈದಿ ಔಷಧಿ ನಡುವೆ ಬಿಡುಗಡೆಯಾದರೆ ‘ನಿಕ್ಷಯ್’ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಅವನ ಹೆಸರನ್ನು ಅವನ ಊರಿನ ಆರೋಗ್ಯ ಕೇಂದ್ರಕ್ಕೆ ವರ್ಗಾಯಿಸಬಹುದು. ಮಾತ್ರೆ ನಿಂತರೆ ಕಾಯಿಲೆ ಕೆರಳುತ್ತದೆ, ಮನೆಯವರಿಗೂ ಹರಡುತ್ತದೆ ಎಂದು ಎಲ್ಲರಿಗೂ ಗೊತ್ತು. ಕುಡಿತ ಕೆರಳಿದರೆ ಮನೆಯವರಿಗೆ ಏನಾಗುತ್ತದೆ ಎಂದು ನಂಜನಗೂಡಿನ ಆ ಅಕ್ಕನನ್ನು ಕೇಳಿ. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ, ನೆಲ್ಸನ್ ಮಂಡೇಲಾ ಹೆಸರಿನ ಕೈದಿಗಳ ನಿಯಮಗಳಲ್ಲೂ ಹೀಗೇ ಇದೆ: ಎಚ್‌ಐವಿ, ಟಿಬಿ ಜೊತೆಯಲ್ಲೇ ಮಾದಕ ವಸ್ತು ವ್ಯಸನವನ್ನೂ ಹೆಸರಿಸಿ, ಚಿಕಿತ್ಸೆ ತುಂಡಾಗದಂತೆ ಹೊರಗಿನ ಆರೋಗ್ಯ ಇಲಾಖೆಯ ಜೊತೆ ಜೋಡಿಸಿ ಎನ್ನುತ್ತದೆ.

ಜೋಡಿಸಲು ಜಾಗವೂ ಇದೆ. ರಾಜ್ಯ ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರಬೇಕು. ಹುಣಸೂರಿನವನು ಬಿಡುಗಡೆಯಾದರೆ ಅವನ ಕೈಗೆ ಹದಿನೈದು ದಿನದ ಮಾತ್ರೆ, ಏನು ಚಿಕಿತ್ಸೆ ಕೊಟ್ಟಿದ್ದೇವೆ ಅನ್ನುವ ಒಂದು ಚೀಟಿ, ‘ಮುಂದಿನ ಮಂಗಳವಾರ ಹುಣಸೂರು ಆಸ್ಪತ್ರೆ’ ಅನ್ನುವ ಒಂದು ಸಾಲು. ಆಸ್ಪತ್ರೆಗೆ ಒಂದು ಫೋನು. ಮನೆಯವರಿಗೆ ಒಂದು ಫೋನು. ಇದಕ್ಕೆ ಹೊಸ ಕಟ್ಟಡ ಬೇಡ, ಟೆಂಡರ್ ಬೇಡ, ಶಂಕುಸ್ಥಾಪನೆ ಬೇಡ. ಅದಕ್ಕೇ ಯಾರಿಗೂ ಆಸಕ್ತಿ ಇಲ್ಲವೋ ಏನೋ.

ಒಂದು ಆಕ್ಷೇಪ ಮಾತ್ರ ನ್ಯಾಯವಾದದ್ದು. ‘ತಪ್ಪೇ ಮಾಡದೆ ಊರಲ್ಲಿ ಒದ್ದಾಡುತ್ತಿರುವ ಕುಡುಕನಿಗೇ ಸರಿಯಾದ ಚಿಕಿತ್ಸೆ ಇಲ್ಲ, ಹೊಡೆದು ಬಡಿದು ಜೈಲಿಗೆ ಹೋದವನಿಗೆ ಮೊದಲು ಯಾಕೆ?’ ಈ ಮಾತಿನ ಹಿಂದೆ ಸಂಕಟ ಇದೆ, ನಾನು ತಳ್ಳಿಹಾಕುವುದಿಲ್ಲ. ಊರಿನವನಿಗೂ ಬೇಕು. ಆದರೆ ಜೈಲಿನವನನ್ನು ಬಿಟ್ಟುಬಿಟ್ಟರೆ ಊರಿಗೆ ಏನು ಲಾಭವಾಯಿತು? ಅವನು ಬರುವುದು ನಮ್ಮ ಬೀದಿಗೇ. ಅವನ ಏಟು ಬೀಳುವುದು ಯಾವ ತಪ್ಪೂ ಮಾಡದ ಹೆಂಡತಿ ಮಕ್ಕಳ ಮೇಲೆ. ಇನ್ನೊಂದು, ಊರಿನವನು ಆಸ್ಪತ್ರೆಗೆ ತಾನೇ ನಡೆದು ಹೋಗಬಹುದು. ಜೈಲಿನವನು ಹೋಗುವಂತಿಲ್ಲ. ಬೀಗ ಹಾಕಿದವರೇ ಅವನ ಆರೋಗ್ಯಕ್ಕೂ ಜವಾಬ್ದಾರರು.

ದುಡ್ಡಿನ ಮಾತು ಎತ್ತುವವರಿಗೆ ನನ್ನ ಹತ್ತಿರ ತಾಳ್ಮೆ ಇಲ್ಲ. 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ ರಾಜ್ಯ ಸರ್ಕಾರ ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ಬಜೆಟ್ ಮಂಡಿಸಿದ ಮುಖ್ಯಮಂತ್ರಿ ನಮ್ಮ ಜಿಲ್ಲೆಯವರೇ. 2007ರಲ್ಲಿ ಸಾರಾಯಿ ನಿಲ್ಲಿಸಿದಾಗ ಕುಡಿತ ಕಡಿಮೆಯಾಗುತ್ತದೆ ಅಂತ ನಮ್ಮ ತಾಯಂದಿರು ಎಷ್ಟು ಸಂತೋಷಪಟ್ಟಿದ್ದರು. ಸಾರಾಯಿ ಪಾಕೀಟು ಹೋಗಿ ಟೆಟ್ರಾ ಪ್ಯಾಕ್ ಬಂತು. ಕುಡಿಸುವುದಕ್ಕೆ ಗುರಿ ಇಟ್ಟುಕೊಳ್ಳುವ ಸರ್ಕಾರ, ಬಿಡಿಸುವುದಕ್ಕೂ ಒಂದು ಗುರಿ ಇಟ್ಟುಕೊಳ್ಳಲಿ. ಈ ವರ್ಷ ಮೈಸೂರು ಜೈಲಿನಿಂದ ಇಷ್ಟು ಜನ ಚಿಕಿತ್ಸೆಯ ಚೀಟಿ ಹಿಡಿದು ಹೋಗುತ್ತಾರೆ ಎಂದು ಒಂದು ಸಂಖ್ಯೆ ಹೇಳಲಿ.

ಮೈಸೂರು ಜೈಲಿಗೆ ಹೊರಗಿನವರನ್ನು ಒಳಗೆ ಬಿಟ್ಟುಕೊಂಡು ಒಳ್ಳೆಯ ಕೆಲಸ ಮಾಡಿಸಿದ ಇತಿಹಾಸ ಇದೆ. ರಂಗಾಯಣದ ಹುಲುಗಪ್ಪ ಕಟ್ಟೀಮನಿ ಅವರು ಕೈದಿಗಳಿಂದ ನಾಟಕ ಆಡಿಸಿದರು, ಜೈಲಿನ ಗೋಡೆ ದಾಟಿಸಿ ಆಚೆಯ ವೇದಿಕೆಗೂ ಕರೆದುಕೊಂಡು ಹೋದರು. ಆಗಲೂ ಭದ್ರತೆ, ನಿಯಮ ಎಲ್ಲ ಇತ್ತು. ಮಾಡಬೇಕು ಅನ್ನಿಸಿದಾಗ ದಾರಿ ಸಿಕ್ಕಿತು. ಕೆ.ಆರ್. ಆಸ್ಪತ್ರೆ ಅದೇ ನಗರದಲ್ಲಿದೆ, ವೈದ್ಯಕೀಯ ಕಾಲೇಜಿಗೆ ಸೇರಿದ ಆಸ್ಪತ್ರೆ. ಸತ್ತ ಮೇಲೆ ಶವಪರೀಕ್ಷೆಗೆ ಹೋಗುವ ದಾರಿಯಲ್ಲಿ ಬದುಕಿದ್ದಾಗಲೇ ವಾರಕ್ಕೆರಡು ದಿನ ಮನೋವೈದ್ಯರು ಬರಬಾರದೇ? ಇಲಾಖೆಯ ಹೆಸರೇ ‘ಕಾರಾಗೃಹ ಮತ್ತು ಸುಧಾರಣಾ ಸೇವೆಗಳು’. ಕಾರಾಗೃಹ ಕಾಣುತ್ತಿದೆ, ಆ ಇನ್ನೊಂದು ಪದ ಎಲ್ಲಿದೆ ಎಂದು ನಾವು ಕೇಳಬೇಕು.

ಕೇಳುವುದಕ್ಕೆ ಪತ್ರಕರ್ತರೇ ಆಗಬೇಕಿಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಕಳೆದ ವರ್ಷ ಒಳಬಂದವರಲ್ಲಿ ಎಷ್ಟು ಜನರಿಗೆ ಚಟದ ಪರೀಕ್ಷೆ ಮಾಡಿದಿರಿ, ಎಷ್ಟು ಜನರಿಗೆ ಔಷಧಿ ಶುರುಮಾಡಿದಿರಿ, ಮನೋವೈದ್ಯರು ಎಷ್ಟು ದಿನ ಬಂದರು, ಬಿಡುಗಡೆಯಾದವರಲ್ಲಿ ಎಷ್ಟು ಜನರನ್ನು ಅವರ ತಾಲ್ಲೂಕು ಆಸ್ಪತ್ರೆಗೆ ಚೀಟಿ ಬರೆದು ಕಳಿಸಿದಿರಿ. ನಾಲ್ಕೇ ಪ್ರಶ್ನೆ. ನಮ್ಮ ಬಳಗದಿಂದ ಮೈಸೂರು ಜೈಲಿಗೆ ಈ ಅರ್ಜಿ ಹಾಕುತ್ತಿದ್ದೇವೆ. ಚಾಮರಾಜನಗರ, ಮಂಡ್ಯ, ಹಾಸನದ ಓದುಗರು ನಿಮ್ಮ ನಿಮ್ಮ ಜಿಲ್ಲೆಯ ಜೈಲಿಗೆ ಹಾಕಿ, ಉತ್ತರ ಬಂದರೆ ಫೋಟೊ ತೆಗೆದು ನಮಗೆ ಕಳಿಸಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು.

ಮನೆಯವರು ಯಾರಾದರೂ ಸದ್ಯದಲ್ಲೇ ಬಿಡುಗಡೆಯಾಗಿ ಬರುವವರಿದ್ದರೆ ಅರ್ಜಿಯ ಉತ್ತರಕ್ಕೆ ಕಾಯಬೇಡಿ. ಚಟ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446. ಮನಸ್ಸಿನ ತೊಂದರೆಗೆ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡುತ್ತಾರೆ. ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ಬಿಡುಗಡೆಯ ದಿನ ಎಷ್ಟು ಹೊತ್ತಾದರೂ ಸರಿ, ಮನೆಯಿಂದ ಒಬ್ಬರು ಗೇಟಿನ ಹತ್ತಿರ ಇರಿ, ಹಳೆಯ ಜೊತೆಗಾರರು ಬರುವುದಕ್ಕೆ ಮುಂಚೆ.